ಬೊಂದಿಯೋಲಿ ಹಳದಿ

ಬೊಂದಿಯೋಲಿ ಟೈಲ್ಸ್ ಕಾರ್ಖಾನೆಯಲ್ಲಿ ಹೊಳಪಿನ ಲೇಪ ಬಳಿಯುವ ಮೆರುಗು ವಿಭಾಗದಲ್ಲಿ ದುಡಿಯುತ್ತಿದ್ದ ಇಯೋಲೆ ಎಂಬ ಹೆಂಗಸಿನ ಎರಡೂ ಮಣಿಕಟ್ಟುಗಳು ಸೋತು ಜೋತುಬಿದ್ದವು. ಹಿಡಿದ ಟೈಲ್ಸ್ ಕೈಯಿಂದ ಜಾರತೊಡಗಿದವು. ಟೈಲ್ಸ್ ಒಡೆದ ಬೇಜವಾಬ್ದಾರಿಗಾಗಿ ಅವಳನ್ನು ಕೆಲಸದಿಂದ ತೆಗೆಯಲಾಯಿತು.

ತೆಗೆದ ಆದೇಶಕ್ಕೆ ಸಹಿ ಹಾಕಿದವನು ಮಾಲೀಕ ಉಲ್ದೆರೀಕೊ ಬೊಂದಿಯೋಲಿ. ಹಾಕುವಾಗ ಅವನಿಗೆ ಏನೂ ಅನ್ನಿಸಲಿಲ್ಲ. ಸಿಟ್ಟು ಬಂದದ್ದು ಆಮೇಲೆ. ಆ ಹೆಂಗಸು ಬೆಟ್ಟದ ಮೇಲಿನ ತನ್ನ ಹಳ್ಳಿಗೆ ತೆಪ್ಪಗೆ ಹೋಗುವುದು ಬಿಟ್ಟು, ನನ್ನ ಕೈ ಹೋದದ್ದು ಮೆರುಗಿನಲ್ಲಿರುವ ಸೀಸದಿಂದ, ಇದಕ್ಕೆ ಕಾರ್ಖಾನೆಯೇ ಹೊಣೆ ಎಂದು ಅರ್ಜಿ ಹಾಕಿದಳು. ಹಗ್ಗ ಕಟ್ಟಿದ ಪೆಟ್ಟಿಗೆ ಹೊತ್ತು ಸಾಸ್ಸುವೋಲೊ ಊರಿಗೆ ಇಳಿದು ಬಂದವಳು! ಚಳಿಗಾಲದಲ್ಲಿ ಒಣ ಚೆಸ್ಟ್‌ನಟ್ ಹಿಟ್ಟು ಬೇಯಿಸಿ ತಿನ್ನುತ್ತಿದ್ದವಳು! ಅವಳಿಗೆ ಸಂಬಳ, ಊಟದ ಮನೆ, ಹಬ್ಬಕ್ಕೆ ಸಿಹಿರೊಟ್ಟಿ ಕೊಟ್ಟದ್ದು ಯಾರು? ಉಲ್ದೆರೀಕೊನ ದೃಷ್ಟಿಯಲ್ಲಿ ಅನ್ಯಾಯ ಆಗಿದ್ದು ತನಗೆ.

ಅದೂ ಯಾವ ವರ್ಷದಲ್ಲಿ! ಕಾರ್ಖಾನೆಗೆ ಎಪ್ಪತ್ತೈದು ತುಂಬುವ ವರ್ಷ. ಮನೆತನದ ಇತಿಹಾಸ ಬರೆಯಲು ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರನ್ನು ಗೊತ್ತುಮಾಡಿದ್ದ. ಸೆಕ್ಕಿಯಾ ನದಿಯ ದಂಡೆಯಿಂದ ಕತ್ತೆಯ ಮೇಲೆ ಮಣ್ಣು ಹೇರಿ ತಂದ ಅಜ್ಜ ಪ್ರೋಸ್ಪೆರೊ; ಬರಿಗಾಲಲ್ಲಿ ಆ ಮಣ್ಣು ತುಳಿದ ಅಜ್ಜಿ; ಯುದ್ಧದಲ್ಲಿ ಬಾಂಬು ಬಿದ್ದ ಭಟ್ಟಿಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಮತ್ತೆ ಎಬ್ಬಿಸಿದ ಅಪ್ಪ ಅರ್ಮಾಂದೊ; ಇವರೆಲ್ಲರ ಕೊನೆಯಲ್ಲಿ ಎಂದೂ ಆರದ ಭಟ್ಟಿಗಳ ಒಡೆಯನಾದ ತಾನು. ಮಿಲಾನಿನ ಹೊಸ ಮನೆಗಳ ಅಡಿಗೆಕೋಣೆ, ಜರ್ಮನಿಯ ಬಚ್ಚಲುಮನೆ, ಎಲ್ಲೆಲ್ಲೂ ಅವರ ಹೊಳೆಯುವ ಹಳದಿ. ಅಂಗಡಿಯವರು ಅದನ್ನು ಹೆಸರು ಹಿಡಿದೇ ಕೇಳುತ್ತಿದ್ದರು: ಬೊಂದಿಯೋಲಿ ಹಳದಿ. ಅದರ ಪಾಕ ಅಜ್ಜನದು. ಮಣ್ಣಿಗೆ ಆ ಹೊಳಪು ಬರಬೇಕಾದರೆ ಸೀಸ ಬೇಕು, ಬೇಕಾದಷ್ಟು ಬೇಕು.

ಪುಸ್ತಕದಲ್ಲಿ ಬೊಂದಿಯೋಲಿ ಗಂಡಸರ ರಕ್ತದ ಬಿಸಿಯ ಬಗ್ಗೆ ಒಂದು ಅಧ್ಯಾಯವೇ ಇತ್ತು. ಅಜ್ಜ ಕೊನೆಗಾಲದಲ್ಲಿ ಗೋಡೆಗಳನ್ನು ಬೈಯುತ್ತಿದ್ದ, ಚಮಚ ಹಿಡಿಯಲಾರದೆ ಸೊಸೆಯ ಕೈಯಲ್ಲಿ ಸೂಪು ಕುಡಿಯುತ್ತಿದ್ದ. ಅಪ್ಪ ಹೊಟ್ಟೆ ಹಿಂಡುವ ನೋವಿನಲ್ಲಿ ನರಳಿ, ಮೂತ್ರಪಿಂಡ ಕೈಕೊಟ್ಟು ಸತ್ತ. ಮುಖ್ಯೋಪಾಧ್ಯಾಯರು ಇದನ್ನೆಲ್ಲ ಚೆನ್ನಾಗಿ ಬರೆದಿದ್ದರು: 'ಕಾರ್ಖಾನೆಗಾಗಿ ತಮ್ಮ ದೇಹವನ್ನೇ ಬತ್ತಿಯಂತೆ ಉರಿಸಿದವರು.' ಉಲ್ದೆರೀಕೊ ಆ ಸಾಲನ್ನು ಓದಿದಾಗಲೆಲ್ಲ ಕಣ್ಣು ಒರೆಸಿಕೊಳ್ಳುತ್ತಿದ್ದ. ಅವನಿಗೂ ಈಚೆಗೆ ಹೊಟ್ಟೆ ಹಿಂಡುತ್ತಿತ್ತು. ಅದಕ್ಕೆ ಅವನು ಯೂನಿಯನ್ ನೋವು ಎಂದು ಹೆಸರಿಟ್ಟಿದ್ದ.

ಅಂಥ ಪುಸ್ತಕದ ನಡುವೆ ಇಯೋಲೆಯ ಜೋತುಬಿದ್ದ ಕೈಗಳು ಬಂದು ಕೂತಿದ್ದವು.

ಪುರಸಭೆಯ ಆರೋಗ್ಯ ಕೇಂದ್ರದಿಂದ ಡಾಕ್ಟರ್ ತೆರೆನ್ಸಿ ಬಂದಳು. ಚಿಕ್ಕ ವಯಸ್ಸಿನವಳು, ಸಣ್ಣ ಕಾರು, ತುಟಿಗೆ ಬಣ್ಣವಿಲ್ಲ. ಜೊತೆಗೆ ಮೆರುಗು ವಿಭಾಗದ ಹೆಂಗಸರ ಪರವಾಗಿ ಮಾತಾಡಲು ಇಯೋಲೆಯ ನಾದಿನಿ ದೀರ್ಚೆ. ಇಬ್ಬರೂ ಅವನ ಕಚೇರಿಯಲ್ಲಿ ಅವನು ಹೇಳುವ ಮೊದಲೇ ಕೂತರು. ಅದೂ ಅವನಿಗಾದ ಅನ್ಯಾಯಗಳ ಲೆಕ್ಕಕ್ಕೆ ಸೇರಿತು.

"ಸೀಸ ಮೈಗೆ ಸೇರಿದ್ರೆ ಮೂತ್ರದಲ್ಲಿ ಗೊತ್ತಾಗುತ್ತೆ," ಎಂದಳು ಡಾಕ್ಟರ್. "ವಿಭಾಗದ ಹನ್ನೆರಡೂ ಜನರದ್ದು ಬೇಕು."

"ನನ್ನಜ್ಜನ ಕಾಲದಿಂದ ಸೀಸ ಇದೆ ಡಾಕ್ಟ್ರೇ. ಯಾರಿಗೆ ಏನಾಗಿದೆ? ಅದಿಲ್ಲದೆ ಈ ಹಳದಿ ಹಳದಿ ಆಗಲ್ಲ, ಗಂಜಿ ಆಗುತ್ತೆ."

"ನಾವೂ ಹಳದಿ ಆಗ್ತಿದೀವಲ್ಲ ಧಣಿ," ಎಂದಳು ದೀರ್ಚೆ. "ನಮ್ಮನ್ನೂ ಪೆಟ್ಟಿಗೆಗೆ ತುಂಬಿ ಜರ್ಮನಿಗೆ ಕಳಿಸಿಬಿಡಿ."

ಅವನಿಗೆ ಮೇಜಿನ ಮೇಲಿನ ಮಸಿಕುಡಿಕೆ ಎತ್ತಿ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಆ ಕ್ಷಣದಲ್ಲೇ, ಕುದಿಯುವ ಸಿಟ್ಟಿನ ಅಡಿಯಲ್ಲಿ ತಣ್ಣಗೆ, ಉಪಾಯ ಹೊಳೆದಿತ್ತು.

"ಪರೀಕ್ಷೆ ಮಾಡಿ," ಎಂದ. "ನಾನೇನು ಕಟುಕನಾ? ಇಲ್ಲೇ, ನಮ್ಮ ಔಷಧಿ ಕೋಣೆಯಲ್ಲೇ ಬಾಟಲಿ ಇಡಿ. ತಣ್ಣನೆ ಪೆಟ್ಟಿಗೆ ಇದೆ. ಬೆಳಿಗ್ಗೆ ಕೊಟ್ಟರೆ ಮಧ್ಯಾಹ್ನ ನಿಮ್ಮ ಗಾಡಿ ಬಂದು ಒಯ್ಯಲಿ. ಪಾಪ, ಹೆಂಗಸರು ಅದನ್ನು ಹಿಡಕೊಂಡು ಬಸ್ಸಲ್ಲಿ ಯಾಕೆ ಅಲೀಬೇಕು?"

ದೀರ್ಚೆ ಅವನನ್ನೇ ನೋಡಿದಳು. "ಉಚ್ಚೆಗೆ ಹೋಗ್ತೀವಿ ಅಂದ್ರೆ ಇಷ್ಟು ವರ್ಷ ಗಡಿಯಾರ ನೋಡ್ತಿದ್ರಿ. ಈಗ ಉಚ್ಚೆ ಮೇಲೇ ಪ್ರೀತಿ ಬಂತಾ?"

ಡಾಕ್ಟರ್ ನಗು ತಡೆದುಕೊಂಡು ಒಪ್ಪಿದಳು. ಬಾಟಲಿಯ ಮೇಲಿನ ಚೀಟಿಗಳನ್ನು ತಾನೇ ಬರೆದು ಅಂಟಿಸುವುದಾಗಿ ಹೇಳಿದಳು. ಅಂಟಿಸಲಿ, ಎಂದುಕೊಂಡ ಉಲ್ದೆರೀಕೊ. ಚೀಟಿ ಇರುವುದು ಬಾಟಲಿಗೆ; ಒಳಗಿರುವುದಕ್ಕೆ ಯಾರೂ ಚೀಟಿ ಅಂಟಿಸಲಾರರು.

ಕೆಲಸ ಸರಳ: ಒಳಗಿರುವುದನ್ನು ಚೆಲ್ಲುವುದು, ಬೇರೆ ತುಂಬುವುದು. ಹೆಂಗಸರ ಬಾಟಲಿಗಳಲ್ಲಿ ಏನು ಸಿಗುತ್ತದೆಂದು ಅವನಿಗೆ ಗೊತ್ತಿತ್ತೇ? ಗೊತ್ತಿಲ್ಲದವನು ಚೆಲ್ಲುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಅವನ ಮನಸ್ಸಿನಲ್ಲಿ ಆ ಗೊತ್ತಿಗೆ ಕೂರಲು ಕುರ್ಚಿ ಇರಲಿಲ್ಲ. ಬಾಗಿಲ ಹೊರಗೆ ನಿಲ್ಲಿಸಿಟ್ಟಿದ್ದ, ಕೂಲಿ ಕೇಳಲು ಬಂದವರನ್ನು ನಿಲ್ಲಿಸುವ ಹಾಗೆ.

ಬದಲಿಗೆ ಯಾರದ್ದನ್ನು ತುಂಬುವುದು? ಕಚೇರಿಯ ಹುಡುಗಿಯರನ್ನು ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಕಾರು ಓಡಿಸುವವನು ಭಾನುವಾರ ಪಾದ್ರಿಯ ಮುಂದೆ ಪಾಪ ನಿವೇದನೆ ಮಾಡಿಕೊಳ್ಳುವ ಜಾತಿ. ಹೆಂಡತಿ ಕ್ಲೇಲಿಯಾ ಕಾರಣ ಕೇಳುತ್ತಾಳೆ, ಕೇಳಿ ಅತ್ತುಬಿಡುತ್ತಾಳೆ. ಇಡೀ ಊರಿನಲ್ಲಿ ಬಾಯಿ ಬಿಡದ ಮನುಷ್ಯ ಒಬ್ಬನೇ ಸಿಕ್ಕಿದ. ಅವನು ಮಾಲೀಕ. ಅವನ ಕಚೇರಿ ಧೂಳು ಹಾರಿಬರದ ಕಡೆಗಿದೆ, ಕಿಟಕಿಗೆ ಎರಡು ಗಾಜು. ಮೆರುಗು ಸಿಂಪಡಿಸುವ ಕಡೆ ಹಾಯಬೇಕಾದರೆ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಹಾಯುತ್ತಾನೆ. ಸೀಸ ಧೂಳಿನಲ್ಲಿದೆ, ಧೂಳು ಉಸಿರಿನಲ್ಲಿ ಹೋಗುತ್ತದೆ, ಅವನ ಉಸಿರು ಶುದ್ಧ. ಹಾಗಾದರೆ ಅವನೇ.

ಈ ತೀರ್ಮಾನ ಅವನಿಗೆ ಎಷ್ಟು ಹಿಡಿಸಿತೆಂದರೆ ಆ ದಿನ ಮಧ್ಯಾಹ್ನ ಎರಡು ಲೋಟ ಲಾಂಬ್ರುಸ್ಕೊ ವೈನು ಹೆಚ್ಚಿಗೆ ಕುಡಿದ. ಜೊತೆಗಾರರಿಲ್ಲದ ಅಪರಾಧಕ್ಕೆ ಸಾಕ್ಷಿಯೂ ಇಲ್ಲ. ಅಲ್ಲದೆ ಇದು ಅಪರಾಧವೇ? ಯಾರ ಆಸ್ತಿ ಕದ್ದಂತಾಯಿತು? ಹೇಗೂ ಆಚೆ ಚೆಲ್ಲುವುದನ್ನು ಚೆಲ್ಲುತ್ತಿದ್ದಾನೆ, ಅಷ್ಟೆ.

ದಡ್ಡನಾಗಿದ್ದರೆ ಒಂದೇ ಸಲಕ್ಕೆ ಒಂದು ಕೊಡ ತುಂಬಿ ಹನ್ನೆರಡು ಕಡೆ ಹಂಚಿಬಿಡುತ್ತಿದ್ದ. ಉಲ್ದೆರೀಕೊ ಟೈಲ್ಸ್ ಮಾಡುವವನು. ಒಂದೇ ಮಣ್ಣು, ಒಂದೇ ಪಾಕ, ಒಂದೇ ಬೆಂಕಿ ಆದರೂ ಇವತ್ತು ಸುಟ್ಟ ಹಳದಿ ನಿನ್ನೆ ಸುಟ್ಟದ್ದರ ಹಾಗಿರುವುದಿಲ್ಲ. ಅದಕ್ಕೇ ಪ್ರತಿ ಪೆಟ್ಟಿಗೆಯ ಮೇಲೆ ಛಾಯೆಯ ಗುರುತು ಹೊಡೆಯುತ್ತಾರೆ. ಹನ್ನೆರಡು ಹೆಂಗಸರದ್ದು ಒಂದೇ ಛಾಯೆ ಬಂದರೆ ಕುರುಡನೂ ಅನುಮಾನಪಡುತ್ತಾನೆ. ಹಾಗಾಗಿ ಅವನು ಒಂದು ದಿನ ಹೊಟ್ಟೆ ತುಂಬ ನೀರು ಕುಡಿದ. ಒಂದು ದಿನ ಉಪ್ಪು ಮಾಂಸ ತಿಂದು ನೀರು ಮುಟ್ಟಲಿಲ್ಲ. ಒಂದು ದಿನ ಬರೀ ಕಾಫಿ. ಪಾರ್ಮಾಕ್ಕೆ ಹೋಗಿ, ತನ್ನ ಗುರುತಿಲ್ಲದ ಔಷಧಿ ಅಂಗಡಿಯಲ್ಲಿ ಬಾಟಲಿ ಕೊಂಡು ತಂದಿದ್ದ. ತುಂಬಿದ್ದನ್ನು ಬಚ್ಚಲ ಕಿಟಕಿಯ ಬೆಳಕಿಗೆ ಹಿಡಿದು, ಮಾಲು ಕಳಿಸುವ ಮುಂಚೆ ಟೈಲ್ಸ್ ನೋಡುವ ಕಣ್ಣಿನಿಂದಲೇ ನೋಡಿದ. ಇದು ತೆಳು, ಮುದುಕಿ ತೆರೇಸಾಳಿಗೆ. ಇದು ಗಟ್ಟಿ, ಬಾಯಿಬಡುಕಿ ದೀರ್ಚೆಗೆ. ಇದು ಎಳೆಯ ಬಣ್ಣ, ಹದಿನೈದು ದಿನದ ಹಿಂದಷ್ಟೇ ಸೇರಿದ ನೀವೆಸ್ ಎಂಬ ಹುಡುಗಿಗೆ.

"ಉಲ್ದೆರೀಕೊ, ಒಳಗೆ ಕೂತು ಜಪಮಾಲೆ ಎಣಿಸ್ತಿದೀಯಾ?" ಕ್ಲೇಲಿಯಾ ಬಾಗಿಲು ಬಡಿದಳು.

"ಹೊಟ್ಟೆ ನೋವು ಕಣೆ."

"ಮತ್ತೆ? ಡಾಕ್ಟರಿಗೆ ತೋರಿಸು ಅಂದ್ರೆ ನಿನ್ನಪ್ಪನ ಹಾಗೇ ಗುರ್ ಅಂತೀಯ."

"ಇದಕ್ಕೆ ಡಾಕ್ಟರ್ ಬೇಡ. ಆ ಹೆಂಗಸರ ಬಾಯಿ ಮುಚ್ಚಿದ್ರೆ ತಾನೇ ಹೋಗುತ್ತೆ."

ಬಾಟಲಿಗಳು ನೆಲಮಾಳಿಗೆಯ ತಂಪಿನಲ್ಲಿ, ವೈನಿನ ಹಿಂದೆ ಸಾಲಾಗಿ ನಿಂತವು. ಅವನು ಎಂದಿನಂತೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ಹೋದ. ಎಂದಿನಂತೆ ಅರೆಯುವ ಯಂತ್ರದ ಬಳಿ ನಿಂತು, ದೀರ್ಚೆ ಸೌಟಿನಲ್ಲಿ ತಂದ ಹೊಸ ಮೆರುಗನ್ನು ಪರೀಕ್ಷಿಸಿ, "ಇನ್ನೂ ಒರಟು, ಅರೀರಿ," ಎಂದ. ಈ ತೀರ್ಪು ಕೊಡುವ ಹಕ್ಕನ್ನು ಬೊಂದಿಯೋಲಿಗಳು ಯಾವ ಎಂಜಿನಿಯರಿಗೂ ಬಿಟ್ಟುಕೊಟ್ಟಿರಲಿಲ್ಲ.

ಬಾಟಲಿ ಕೊಡುವ ದಿನ ಹೆಂಗಸರು ನಗುನಗುತ್ತಲೇ ಸಾಲು ನಿಂತರು.

"ತೆರೇಸಕ್ಕ, ನಿಂದೇನು ಅಷ್ಟು ಕಮ್ಮಿ? ಧಣಿಗೆ ಉಳಿತಾಯ ಮಾಡಿದ್ಯಾ?"

"ಪೂರ್ತಿ ಕೊಟ್ರೆ ಅದನ್ನೂ ಟೈಲ್ಸ್‌ಗೆ ಬಳಿದು ಮಾರ್ತಾರೆ ಕಣೇ."

ಮಧ್ಯಾಹ್ನದ ಸೈರನ್ ಕೂಗಿತು. ಎಲ್ಲರೂ ಊಟದ ಮನೆಗೆ ಹೋದರು. ಉಲ್ದೆರೀಕೊ ಕೈಯಲ್ಲೊಂದು ಚರ್ಮದ ಚೀಲ ಹಿಡಿದು, ಆತುರವಿಲ್ಲದೆ, ಅಂಗಳ ದಾಟಿ ಔಷಧಿ ಕೋಣೆಗೆ ನಡೆದ. ಕಾವಲಿನವನು ಟೋಪಿ ಎತ್ತಿದ. ಮಾಲೀಕ ತನ್ನದೇ ಕಾರ್ಖಾನೆಯ ಒಂದು ಕೋಣೆಗೆ ಹೋಗುವುದನ್ನು ಯಾವ ಕಾವಲಿನವನು ನೆನಪಿಟ್ಟುಕೊಳ್ಳುತ್ತಾನೆ? ಒಳಗೆ, ಒಂದೊಂದೇ ಹೆಸರು ಓದುತ್ತ, ಒಂದೊಂದನ್ನೇ ತೊಟ್ಟಿಗೆ ಸುರಿದ. ಬಾಟಲಿ ತೊಳೆದ, ಒರೆಸಿದ, ತುಂಬಿದ. ಚೀಟಿಗಳ ಮೇಲೆ ಒಂದು ಹನಿ ಬೀಳಲಿಲ್ಲ. ಅಜ್ಜನಿಂದ ಬಂದ ಕೈ, ಎಂದು ಹೆಮ್ಮೆಪಟ್ಟ. ಬೆರಳು ಸ್ವಲ್ಪ ನಡುಗಿದ್ದು ನಿಜ, ಅದು ವಯಸ್ಸು.

ಕೈ ಒರೆಸಿಕೊಳ್ಳುವಾಗ ಬಾಗಿಲಲ್ಲಿ ದೀರ್ಚೆ.

"ಏನ್ ಧಣಿ, ಊಟ ಇಲ್ವಾ ಇವತ್ತು?"

"ತಲೆನೋವು. ಮಾತ್ರೆಗೆ ಬಂದೆ."

"ತಗೊಳ್ಳಿ ತಗೊಳ್ಳಿ. ಇಯೋಲೆ ಕೈ ಬಿದ್ದೋದಾಗ್ಲೂ ಇಲ್ಲಿ ಕೊಟ್ಟಿದ್ದು ಅದನ್ನೇ."

ಅವಳು ಹೋದಳು. ಚೀಲದ ಬಾಯಿ ಮುಚ್ಚಿತ್ತು, ಏನೂ ಕಂಡಿರಲಾರದು. ಗಾಡಿ ಹೇಳಿದ ಹೊತ್ತಿಗೆ ಬಂದು ಬಾಟಲಿಗಳನ್ನು ಒಯ್ದಿತು.

ಫಲಿತಾಂಶವನ್ನು ಊಟದ ಮನೆಯಲ್ಲಿ, ಎಲ್ಲರ ಮುಂದೆ ಓದಬೇಕೆಂದು ಕೇಳಿದವನು ಅವನೇ. ಮುಖ್ಯೋಪಾಧ್ಯಾಯರನ್ನು ಕರೆಸಿದ, ಪುಸ್ತಕದ ಕೊನೆಯ ಅಧ್ಯಾಯಕ್ಕೆ ವಿಜ್ಞಾನದ ಮುದ್ರೆ ಬೇಕಿತ್ತು. ಪತ್ರಿಕೆಯವನೊಬ್ಬನನ್ನೂ ಕರೆಸಿದ. ಇಯೋಲೆಯನ್ನು ಕರೆಯದಿದ್ದರೂ ಅವಳು ಬಂದಿದ್ದಳು. ಮುಂದಿನ ಬೆಂಚಿನಲ್ಲಿ ಕೂತು, ಎರಡು ಕೈಗಳನ್ನು ಯಾರೋ ಮರೆತುಹೋದ ಗವಸುಗಳ ಹಾಗೆ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಒಳ್ಳೆಯದೇ ಆಯಿತು, ಎಂದುಕೊಂಡ. ಅವಳ ಅರ್ಜಿ ಅವಳ ಕಣ್ಣೆದುರೇ ಸಾಯಲಿ. ಹನ್ನೆರಡು ಜನ ಆರೋಗ್ಯವಾಗಿದ್ದಾರೆ ಎಂದಾದರೆ ಹದಿಮೂರನೆಯವಳು ಸೋಮಾರಿ. ಮುಂದಿನ ವಾರ ದೀರ್ಚೆಯ ಆದೇಶಕ್ಕೂ ಸಹಿ ಬೀಳುತ್ತದೆ.

ಡಾಕ್ಟರ್ ತೆರೆನ್ಸಿ ಎದ್ದು ನಿಂತಳು. ಮುಖ ಬಿಳಿಚಿಕೊಂಡಿತ್ತು.

"ನಾನು ಹೆಸರು ಹಿಡಿದು ಓದಲ್ಲ. ಓದೋ ಅಗತ್ಯ ಇಲ್ಲ. ಹನ್ನೆರಡಕ್ಕೆ ಹನ್ನೆರಡೂ ಅಪಾಯದ ಗೆರೆ ದಾಟಿವೆ. ಬರೀ ದಾಟಿಲ್ಲ, ಅದರ ಎಷ್ಟೋ ಪಟ್ಟು ಇವೆ. ನೀವೆಲ್ಲ ಇಲ್ಲಿ ನಿಂತಿರೋದೇ ನನಗೆ ಆಶ್ಚರ್ಯ. ಈ ಗಳಿಗೆಯಿಂದ ಮೆರುಗು ವಿಭಾಗ ಮುಚ್ಚಿದೆ. ಆದೇಶ ತಂದಿದೀನಿ. ಹನ್ನೆರಡೂ ಜನ ಮೊದೆನಾ ಆಸ್ಪತ್ರೆಗೆ ಹೊರಡಬೇಕು. ಇಯೋಲೆಯವರ ಅರ್ಜಿಗೆ ಇನ್ನು ಬೇರೆ ಸಾಕ್ಷಿ ಬೇಕಾಗಿಲ್ಲ."

ನೀವೆಸ್ ಎಂಬ ಹುಡುಗಿ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಮುದುಕಿ ತೆರೇಸಾ ಶಿಲುಬೆಯ ಗುರುತು ಮಾಡಿಕೊಂಡಳು.

"ಸುಳ್ಳು!" ಎಂದು ಅರಚಿದವನು ಉಲ್ದೆರೀಕೊ. "ಸಾಧ್ಯವೇ ಇಲ್ಲ! ಆ ಬಾಟಲಿಗಳಲ್ಲಿ ಸೀಸ ಇರೋಕೆ ಸಾಧ್ಯವೇ ಇಲ್ಲ!"

"ಯಾಕೆ ಸಾಧ್ಯ ಇಲ್ಲ?" ಎಂದಳು ಡಾಕ್ಟರ್.

ಅವನು ಅವಳ ಕೈಯಲ್ಲಿದ್ದ ಫಲಿತಾಂಶದ ಹಾಳೆ ಕಸಿಯಲು ಕೈ ಚಾಚಿದ.

ಡಾಕ್ಟರ್ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು: "ನನಗೂ ಒಂದು ಅರ್ಥ ಆಗಿಲ್ಲ. ಕೆಲವು ತೆಳು ಇವೆ, ಕೆಲವು ಗಟ್ಟಿ ಇವೆ. ಅದನ್ನು ಸರಿದೂಗಿಸಿ ನೋಡಿದ್ರೆ ಹನ್ನೆರಡೂ ಒಂದೇ. ಈ ಹುಡುಗಿ ಬಂದು ಹದಿನೈದು ದಿನ. ತೆರೇಸಮ್ಮ ಇಪ್ಪತ್ತು ವರ್ಷದಿಂದ ಇದಾರೆ. ಇಬ್ಬರದ್ದೂ ಒಂದೇ ಹೇಗಾಗುತ್ತೆ? ಇದು ಧೂಳು ಕುಡಿದವರ ಮೈ ಅಲ್ಲ. ಚಿಕ್ಕಂದಿನಿಂದ ದಿನಾ ಸೀಸವನ್ನೇ ತಿಂದ ಒಂದೇ ಮೈ ಇದ್ದ ಹಾಗಿದೆ."

ಉಲ್ದೆರೀಕೊನ ತಲೆ ತನ್ನ ಉಪಾಯದ ಮೇಲೆ ಮೊದಲಿಂದ ಕೊನೆಯವರೆಗೆ ಓಡಿತು, ಬಿರುಕು ಹುಡುಕುತ್ತ ಟೈಲ್ಸ್ ಬಡಿದು ನೋಡುವವನ ಹಾಗೆ. ಪಾರ್ಮಾದ ಬಾಟಲಿಗಳು ಹೊಸವು. ತೊಳೆದ ನೀರು ಶುದ್ಧ. ಕಿಟಕಿಗೆ ಎರಡು ಗಾಜು. ಮೂಗಿಗೆ ಕರ್ಚೀಫು. ಎಲ್ಲೂ ಬಿರುಕಿಲ್ಲ. ಈ ಫಲಿತಾಂಶಗಳು ತಮ್ಮವಲ್ಲ ಎಂದು ಆ ಹೆಂಗಸರೇ ಹೇಳಬೇಕು, ಬೇರೆ ದಾರಿಯಿಲ್ಲ. ಅವನು ದೀರ್ಚೆಯ ಕಡೆ ತಿರುಗಿ, ಜೀವನದಲ್ಲಿ ಮೊದಲ ಸಲ ಅಂಗಲಾಚಿದ.

"ಹೇಳು ದೀರ್ಚೆ. ನಿಮಗೆ ಹೀಗೆಲ್ಲ ಆಗಿಲ್ಲ ಅಂತ ಹೇಳು. ನೀವು ಗಟ್ಟಿಮುಟ್ಟಾಗಿದೀರಲ್ಲ!"

ದೀರ್ಚೆ ಅವನ ಬಿಳಿಚಿದ ಮುಖವನ್ನು, ಹೊಟ್ಟೆ ಒತ್ತಿಹಿಡಿದ ಕೈಯನ್ನು, ಆ ಕೈಯ ನಡುಕವನ್ನು ನೋಡಿದಳು. ನೋಡುತ್ತ, ಔಷಧಿ ಕೋಣೆಯಲ್ಲಿ ಅವನ ಬಳಿ ಕಂಡ ಚರ್ಮದ ಚೀಲ ನೆನಪಾಗಿ, ಅವಳ ಹುಬ್ಬು ಮೆಲ್ಲಗೆ ಮೇಲೇರಿತು. ಅವಳು ಎದ್ದು ಅಂಗಳಕ್ಕೆ ಹೋದಳು.

ಬಂದಾಗ ಕೈಯಲ್ಲಿ ಸೌಟಿತ್ತು, ತುಂಬ ಅಂದಿನ ಹೊಸ ಮೆರುಗು. "ಧಣಿ, ಈ ಸಭೆ ಗಲಾಟೆಯಲ್ಲಿ ಇವತ್ತಿಂದು ನೀವು ನೋಡೇ ಇಲ್ಲ," ಎಂದಳು. ಅಭ್ಯಾಸಬಲದಿಂದ ಅವನ ತೋರುಬೆರಳು ಸೌಟಿನೊಳಗೆ ಇಳಿಯಿತು, ಮೇಲೆದ್ದಿತು, ತುಟಿಯ ಹತ್ತಿರ ಬಂತು, ಅಲ್ಲಿ ನಿಂತಿತು. ಅರೆದ ಮೆರುಗು ನುಣುಪೋ ಒರಟೋ ಎಂದು ಬೊಂದಿಯೋಲಿಗಳು ಎಂದೂ ಜರಡಿ ಹಿಡಿದು ನೋಡಿದವರಲ್ಲ. ಒಂದು ಬೆರಳು ನಾಲಿಗೆಗೆ ಹಚ್ಚಿ, ಹಲ್ಲಿಗೆ ಉಜ್ಜಿ, ನುಂಗಿ ಹೇಳುತ್ತಿದ್ದರು. ಅಜ್ಜ ಅಪ್ಪನಿಗೆ ಕಲಿಸಿದ್ದ, ಅಪ್ಪ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದ. ಅದರ ಸಣ್ಣ ಸಿಹಿಯ ಮೇಲೆ ಬೆಳಗಿನ ಕಾಫಿ ಕುಡಿದು ಕುಡಿದು ಅವನು ಐವತ್ತು ದಾಟಿದ್ದ. ಅವನ ಮಟ್ಟಿಗೆ ಸೀಸವೆಂದರೆ ಹೆಂಗಸರ ಕಡೆ ಹಾರುವ ಧೂಳು. ಇದು ಸೀಸವಾಗಿರಲಿಲ್ಲ, ಮನೆತನವಾಗಿತ್ತು. ಡಾಕ್ಟರ್ ತೆರೆನ್ಸಿಯ ಕಣ್ಣು ಆ ಬೆರಳಿನಿಂದ ಅವನ ಬಾಯಿಗೆ, ಬಾಯಿಯಿಂದ ಕೈಯಲ್ಲಿದ್ದ ಹಾಳೆಗೆ ಹೋಗಿ ಅಲ್ಲೇ ನಿಂತಿತು. ಮುಖ್ಯೋಪಾಧ್ಯಾಯರು ಬರೆಯುವುದನ್ನು ನಿಲ್ಲಿಸಿದರು. ಮುಂದಿನ ಬೆಂಚಿನಲ್ಲಿ ಇಯೋಲೆ ಮಡಿಲಿನಿಂದ ಮುಖ ಎತ್ತಿದಳು. "ನೆಕ್ಕಿ ಧಣಿ," ಎಂದಳು ದೀರ್ಚೆ, ಸೌಟನ್ನು ಇನ್ನಷ್ಟು ಹತ್ತಿರ ಹಿಡಿದು. "ಇದರಿಂದ ಯಾರಿಗೂ ಏನೂ ಆಗಲ್ಲ ಅಂತ ನೀವೇ ಹೇಳಿದ್ದಲ್ವಾ? ನೆಕ್ಕಿ." ಬೆರಳ ತುದಿಯಿಂದ ಬೊಂದಿಯೋಲಿ ಹಳದಿ ಹನಿಯಾಗಿ ಅವನ ಬಿಳಿ ಅಂಗಿಯ ಮೇಲೆ ಬಿತ್ತು. ಅವನು ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡ. "ಇಲ್ಲ," ಎಂದ. "ನಾನು ನೆಕ್ಕಲ್ಲ."